ಆಕಾಶದಲ್ಲಿ ಮುಳುಗಿದ ಕ್ಯಾಸಂಬಳ್ಳಿ

ನಮ್ಮ ಯಜಮಾನರ ಯುದ್ಧನೌಕೆಗಳಿಗೆ ತಗಡಿನ ಸೂರಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಮ್ಮಕ್ಕಳು ಟೀವಿಯಲ್ಲಿ ನಕ್ಷತ್ರಗಳ ನಡುವೆ ಮಿರಿಮಿರಿ ಮಿಂಚುತ್ತ ಓಡುವ ಹಡಗುಗಳನ್ನು ಕಂಡು, ‘ತಾತನ ಹಡಗೂ ಹೀಗೇ ಇತ್ತಾ ಅಜ್ಜಿ?’ ಎಂದು ಕೇಳುತ್ತವೆ. ಎಲ್ಲಿಂದ ಬರಬೇಕು? ಅವರ ಹಡಗಿನ ತಗಡು ಗಾಳಿಗೆ ಹಾರಿಹೋಗದಂತೆ ಮೇಲೆ ನಾಲ್ಕು ಕಲ್ಲು ಹೇರಿರುತ್ತಿತ್ತು, ಊರಿಗಾಂ ಚಿನ್ನದ ಗಣಿಯ ಆಳುಗಳ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ಹೇರಿದ್ದ ಹಾಗೆಯೇ. ಆಕಾಶದಲ್ಲಿ ಗಾಳಿಯೇ ಇಲ್ಲವಂತಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ‘ಇಲ್ದಿದ್ರೆ ಒಳ್ಳೇದೇ ಆಯ್ತು, ಕಲ್ಲು ಅಲ್ಲಾಡಲ್ಲ’ ಎಂದಿದ್ದರು. ಇಂಥವರ ಜೊತೆ ಬಾಳ್ವೆ ಮಾಡಿದವಳು ನಾನು.

ನಾನು ಬಂಗಾರಪೇಟೆಯವಳು. ನಮ್ಮಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲರ ಮೇಸ್ತ್ರಿ. ನಮ್ಮ ಮನೆಯಲ್ಲಿ ಮಾತನ್ನೂ ಮೂಟೆಯಂತೆಯೇ ಎತ್ತಿ, ಇಳಿಸಿ, ಮುಗಿಸುತ್ತಿದ್ದರು. ಮದುವೆಯಾಗಿ ಊರಿಗಾಂಗೆ ಬಂದರೆ ಇಲ್ಲಿ ಪ್ರತಿ ಮಾತಿಗೂ ಬಾಲ, ಬಾಲಕ್ಕೆ ರೆಕ್ಕೆ. ಯಜಮಾನರಿಗೆ ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ. ನೆಲದಡಿಯ ಸುರಂಗಗಳ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆ ತಿದ್ದಿ, ಪ್ರತಿ ತೆಗೆಯಬೇಕು. ಭೂಮಿಯ ಹೊಟ್ಟೆಯನ್ನೆಲ್ಲ ಪೆನ್ಸಿಲ್ಲಿನಲ್ಲಿ ಸುತ್ತಿದ್ದ ಆ ಮನುಷ್ಯ, ಆಳುಗಳನ್ನು ಗಣಿಯೊಳಕ್ಕೆ ಇಳಿಸುವ ಕಬ್ಬಿಣದ ಕೇಜಿನಲ್ಲಿ ಒಂದು ದಿನವೂ ಕಾಲಿಟ್ಟವರಲ್ಲ. ಮನೆಯಲ್ಲಿ ನಾವಿಬ್ಬರಲ್ಲದೆ ಅತ್ತೆ ಮತ್ತು ಮದುವೆ ವಯಸ್ಸಿಗೆ ಬಂದಿದ್ದ ನಾದಿನಿ.

ರಷ್ಯಾದವನೊಬ್ಬ ಆಕಾಶಕ್ಕೆ ಏರಿ, ಭೂಮಿಯನ್ನು ಸುತ್ತಿ, ಸುಖವಾಗಿ ಇಳಿದನೆಂಬ ಸುದ್ದಿ ಬಂದದ್ದು ನನ್ನ ಮದುವೆಯ ಹೊಸದರಲ್ಲಿ. ಲೈನಿನ ಟೀ ಅಂಗಡಿಯಲ್ಲಿ ವಾರವಿಡೀ ಅದೇ ಮಾತು. ಅಷ್ಟು ದೂರ ಹೋದವನು ಬರಿಗೈಯಲ್ಲಿ ಬಂದನಂತೆ, ಅದಿರಿನ ಒಂದು ತುಣುಕಾದರೂ ತರಬಾರದಿತ್ತೆ ಎಂದು ನಮ್ಮವರಿಗೆಲ್ಲ ಬೇಸರ. ಯಜಮಾನರಿಗೆ ಮಾತ್ರ ಅದು ತಲೆಗೇರಿತು. ‘ಅವ್ನು ಒಬ್ನೇ ಓದ. ನಾವು ಪಡೆ ಕಟ್ಕಂಡ್ ಓಗಾಣ’ ಎಂದು ಅಡಿಗೆಮನೆಗೆ ಬಂದು ನಿಂತರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ‘ಓಗಿ. ಬರೋವಾಗ ಉಪ್ಪು ತನ್ನಿ’ ಎಂದೆ.

ಅವರು ಉಪ್ಪು ತರಲಿಲ್ಲ, ಪಡೆ ಕಟ್ಟಿದರು. ಮುಂದಿನ ಭಾನುವಾರ ಸಂಜೆ ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ ನಿಂತು, ಕೈಯಲ್ಲಿ ತಾಳದ ಚಿಟಿಕೆ ಹಿಡಿದು, ಹರಿಕಥೆಯ ದಾಸರ ಧಾಟಿಯಲ್ಲಿ ಗಗನದ ನೌಕಾಪಡೆಯ ಕಥೆಗೆ ಇಳಿದರು. ಮೊದಲು ಗೋವಿಂದನ ನಾಮಸ್ಮರಣೆ, ಆಮೇಲೆ ರಾಕೆಟ್ಟು. ಲೈನಿನ ಜನ ಸುಮ್ಮನೆ ಕೂತಾರೆಯೇ? ಕನ್ನಡದವರು, ತೆಲುಗಿನವರು, ತಮಿಳಿನವರು, ಎಲ್ಲರೂ ತಂತಮ್ಮ ಮಣೆ, ಚಾಪೆ, ಮಕ್ಕಳ ಸಮೇತ ಬಂದು ಕೂತರು. ಪಕ್ಕದ ಮನೆಯ ತಮಿಳಮ್ಮನಿಗೆ ಕನ್ನಡ ಅರ್ಧಂಬರ್ಧ. ಆದರೂ ಮುಂದೇನಾಯಿತು ಎನ್ನುವ ಚಡಪಡಿಕೆ ಆಕೆಗೇ ಎಲ್ಲರಿಗಿಂತ ಹೆಚ್ಚು. ಕಥೆ ಒಂದು ಕ್ಷಣ ನಿಂತರೆ ಸಾಕು, ‘ಅಪ್ಪುರಂ? ಅಪ್ಪುರಂ?’ ಎಂದು ಮುಂದಕ್ಕೆ ತಳ್ಳುತ್ತಿದ್ದಳು.

ಆ ಪಡೆಯ ಹೆಮ್ಮೆಯೆಂದರೆ ಗುದ್ದಲಿ ವರ್ಗದ ಯುದ್ಧನೌಕೆಗಳು. ಬೇರೆ ದೇಶದವರು ತಮ್ಮ ಹಡಗುಗಳಿಗೆ ಸಿಂಹ, ಹದ್ದು ಎಂದು ಹೆಸರಿಡುತ್ತಾರಲ್ಲ ಎಂದರೆ, ಸಿಂಹ ಯಾವತ್ತಾದರೂ ಬಂಡೆ ಒಡೆದದ್ದುಂಟೆ ಎಂದು ನನ್ನನ್ನೇ ಕೇಳಿದರು. ಗುದ್ದಲಿ ವರ್ಗದ ಹಡಗು ನೀರಿನ ಹಡಗಿನಂತೆ ಉದ್ದಕ್ಕೆ ಮಲಗಿರುತ್ತಿರಲಿಲ್ಲ. ಗಣಿಯ ಶಾಫ್ಟಿನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಮೇಲೆ ಕ್ಯಾಪ್ಟನ್ನು, ಕೆಳಕ್ಕೆ ಲೆವೆಲ್ಲಿನ ಮೇಲೆ ಲೆವೆಲ್ಲು, ನಡುವೆ ಮೇಲೆ ಕೆಳಗೆ ಓಡಾಡುವ ಕೇಜು. ಕೆಳಗಿಳಿದಷ್ಟೂ ಸೆಕೆ. ತೀರ ತಳದಲ್ಲಿದ್ದವರು ಲಂಗೋಟಿಯಲ್ಲೇ ಯುದ್ಧ ಮಾಡುತ್ತಿದ್ದರು. ಪಾಳಿ ಬದಲಾಗುವಾಗ ಗಣಿಯ ಸೈರನ್ನಿನಂತೆಯೇ ಸಂಗು ಕೂಗುತ್ತಿತ್ತು. ಸಂಗು ಕೂಗಿದ ಕೂಡಲೇ ಹಳೇ ಪಾಳಿಯವರು, ವೈರಿ ಎದುರಿಗೇ ನಿಂತಿದ್ದರೂ, ತುಪಾಕಿ ಕೆಳಗಿಟ್ಟು ಟಿಫನ್ ಡಬ್ಬಿ ಎತ್ತಿಕೊಳ್ಳುತ್ತಿದ್ದರು.

ವೈರಿಗಳೂ ಅದಕ್ಕೆ ತಕ್ಕವರೇ. ಕೆಂಪು ಮುಖ, ತಲೆಗೆ ಟೋಪಿ, ಬಾಯಲ್ಲಿ ಹಳೇ ದೊರೆಗಳ ಇಂಗ್ಲಿಷು. ಸಂಜೆಯಾದರೆ ಯುದ್ಧ ನಿಲ್ಲಿಸಿ ತಮ್ಮ ಗ್ರಹದ ಕ್ಲಬ್ಬಿಗೆ ಹೋಗಿಬಿಡುತ್ತಿದ್ದರು. ಆದ್ದರಿಂದ ನಮ್ಮವರಿಗೆ ಗೆಲುವು ಸಿಗುತ್ತಿದ್ದದ್ದೆಲ್ಲ ಸಂಜೆಯ ಮೇಲೆಯೇ.

ನನಗೆ ಇವತ್ತಿಗೂ ನಗು ಬರುವುದು ಹಡಗಿನ ಬಾಗಿಲಿನ ತಪಾಸಣೆಗೆ. ಗಣಿಯಿಂದ ಮೇಲೆ ಬಂದವರ ಮೈ ತಡಕಿ, ಚಿನ್ನದ ಚೂರು ಬಚ್ಚಿಟ್ಟುಕೊಂಡಿದ್ದಾರೆಯೇ ಎಂದು ನೋಡಿ ಆಚೆ ಬಿಡುವುದು ನಮ್ಮೂರಿನ ವಾಡಿಕೆ. ಯಜಮಾನರ ನೌಕಾಪಡೆಯಲ್ಲೂ ಹಾಗೆಯೇ. ಲೋಕವನ್ನೇ ಗೆದ್ದು ಬಂದ ಸೇನಾಪತಿಯಾದರೂ ಬಾಗಿಲಲ್ಲಿ ನಿಂತು ಬಾಯಿ ತೆರೆದು, ನಾಲಿಗೆ ಎತ್ತಿ, ಕೂದಲು ಕೊಡವಿ ತೋರಿಸಬೇಕು. ನಕ್ಷತ್ರದ ಪುಡಿ ಕದ್ದೊಯ್ದರೆ? ಕೇಳುತ್ತಿದ್ದವರಲ್ಲಿ ಒಬ್ಬರಿಗೂ ಇದು ವಿಚಿತ್ರವಾಗಿ ಕಾಣಲಿಲ್ಲ. ಒಬ್ಬ ಮುದುಕ ಮಾತ್ರ ಎದ್ದು ನಿಂತು, ‘ಚಪ್ಲಿ ಅಟ್ಟೆ ನೋಡ್ಲಿಲ್ಲ ನೀವು. ಇಂಗೇ ಬಿಟ್ರೆ ಒಂದ್ ನಕ್ಷತ್ರಾನೂ ಉಳಿಯಾಕಿಲ್ಲ’ ಎಂದು ಆಕ್ಷೇಪಣೆ ಹಾಕಿದ. ಮುಂದಿನ ವಾರದಿಂದ ಅಟ್ಟೆಯನ್ನೂ ನೋಡಿದರು.

ಇನ್ನು ಹೂಂಗುಟ್ಟುವ ವಿಷಯ. ನಮ್ಮ ಕಡೆ ಕಥೆಗೆ ಹೂಂಗುಟ್ಟುವವರು ಒಬ್ಬರು ಇರಲೇಬೇಕು. ಹೇಳುವವನು ಒಂದು ಮಾತು ಹೇಳಬೇಕು, ಎದುರಿಗೆ ಕೂತವರು ‘ಹೂಂ’ ಅನ್ನಬೇಕು. ಹೂಂ ಬಿದ್ದರೆ ಆ ಮಾತು ಕಥೆಯಲ್ಲಿ ಆಗಿಹೋದಂತೆ. ಬೀಳದಿದ್ದರೆ ಹೇಳುವವನು ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. ನಮ್ಮ ಮನೆಯಲ್ಲಿ ಆ ಅಧಿಕಾರ ನಾದಿನಿಯದು. ಅಣ್ಣನ ಕಥೆಗಳಿಗೆ ಚಿಕ್ಕಂದಿನಿಂದ ಹೂಂಗುಟ್ಟಿ ಪಳಗಿದ್ದಳು. ಅವಳ ಹೂಂಗಳಲ್ಲೇ ಎಷ್ಟೋ ಬಗೆ. ನಂಬಿದ ಹೂಂ, ನಂಬದ ಹೂಂ, ಬೇಗ ಮುಗಿಸು ಎನ್ನುವ ಹೂಂ. ನಾನು ಮೊದಲ ವಾರ ಒಂದು ಸಲ ಹೂಂ ಅಂದೆ. ಹಮಾಲರ ಮೇಸ್ತ್ರಿಯ ಮಗಳಲ್ಲವೇ, ಮೂಟೆ ಕೆಡವಿದಂತೆ ಬಿತ್ತು. ಮತ್ತೆ ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆಯವರಂತೂ ಕಥೆ ಕೇಳಲು ಹೊರಗೆ ಬಂದವರೇ ಅಲ್ಲ. ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತ ಕೂತು, ‘ಮುಗೀತಾ ತಗಡಿನ್ ಕತೆ?’ ಎಂದಷ್ಟೇ ಕೇಳುತ್ತಿದ್ದರು.

ಗುದ್ದಲಿ ವರ್ಗದ ಹಡಗುಗಳಿಗೆ ಮೊದಮೊದಲು ಭಾರಿ ಭಾರಿ ಸಂಸ್ಕೃತದ ಹೆಸರುಗಳಿದ್ದವು. ಜನಕ್ಕೆ ನೆನಪುಳಿಯಲಿಲ್ಲ. ಯಾವುದು ಗೆದ್ದಿತು, ಯಾವುದು ಓಡಿತು ಎಂದು ಕೂತಲ್ಲೇ ಜಗಳ. ಕೊನೆಗೆ ಯಜಮಾನರು ಸುತ್ತಲಿನ ಊರುಗಳ ಹೆಸರನ್ನೇ ಇಟ್ಟರು. ಲೈನಿನಲ್ಲಿದ್ದವರೆಲ್ಲ ಯಾವುದೋ ಒಂದು ಊರಿನ ಬೇರಿನವರು, ಆದ್ದರಿಂದ ಎಲ್ಲರಿಗೂ ಒಂದೊಂದು ಹಡಗಾಯಿತು. ಬೇತಮಂಗಲ ಎಂಬ ಹಡಗು ಪಡೆಗೆಲ್ಲ ಕುಡಿಯುವ ನೀರು ಹೊರುತ್ತಿತ್ತು, ಏಕೆಂದರೆ ನಮ್ಮ ಕೊಳಾಯಿಗೆ ನೀರು ಬರುತ್ತಿದ್ದದ್ದು ಆ ಊರ ಕೆರೆಯಿಂದ. ಬೂದಿಕೋಟೆ ಎಂಬುದು ಸುಟ್ಟು ಬೂದಿ ಮಾಡುವ ಹಡಗು. ಬಂಗಾರಪೇಟೆ ಮಾತ್ರ ಯಾವ ಯುದ್ಧಕ್ಕೂ ಹೊತ್ತಿಗೆ ಬರುತ್ತಿರಲಿಲ್ಲ. ಇನ್ನೊಂದು ಗಾಡಿ ಬರಲಿ ಎಂದು ಸಿಗ್ನಲ್ಲಿನಲ್ಲಿ ಕಾಯುತ್ತಿತ್ತಂತೆ. ತವರಿನ ಮೇಲೆ ಈ ಕುಹಕ ಕೇಳಿ ಆ ದಿನ ನಾನು ಅವರ ಮುದ್ದೆಗೆ ಸಾರು ಬಡಿಸಲಿಲ್ಲ, ಮಜ್ಜಿಗೆ ಹೊಯ್ದೆ.

ಎಲ್ಲಕ್ಕಿಂತ ಚೆಂದದ ಹಡಗು ಕ್ಯಾಸಂಬಳ್ಳಿ. ಅದರ ಮೇಲಿನ ಲೆವೆಲ್ಲಿನಲ್ಲಿ ಹಸು ಕಟ್ಟಿದ್ದರು, ಹಿತ್ತಲಲ್ಲಿ ಬದನೆ, ಹುರುಳಿಕಾಯಿ. ಬೇರೆ ಹಡಗಿನವರು ಒಣ ಬನ್ನು ತಿನ್ನುವಾಗ ಕ್ಯಾಸಂಬಳ್ಳಿಯವರು ಬಿಸಿ ಮುದ್ದೆ, ಸೊಪ್ಪಿನ ಸಾರು, ಮೊಸರು ಉಂಡು ಯುದ್ಧಕ್ಕೆ ನಿಲ್ಲುತ್ತಿದ್ದರು. ಈ ಚೆಂದಕ್ಕೆ ಒಂದು ಕಾರಣವಿತ್ತು. ಕ್ಯಾಸಂಬಳ್ಳಿಯ ರೈತರ ಮನೆಯ ಯುವಕನೊಬ್ಬ ಭಾನುವಾರದ ಸಂತೆಗೆ ಸೈಕಲ್ಲಿನಲ್ಲಿ ತರಕಾರಿ ತರುತ್ತಿದ್ದ. ಮಾರಿ ಮುಗಿಸಿ, ಉಳಿದ ಕಾಯಿ ನಮ್ಮ ಮನೆಗೆ ಕೊಟ್ಟು, ಕಥೆ ಕೇಳಲು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಬರುಬರುತ್ತ ಉಳಿದ ಕಾಯಿ ಮಾರಿದ ಕಾಯಿಗಿಂತ ಚೆನ್ನಾಗಿರತೊಡಗಿತು. ಅವನು ಕಥೆ ಕೇಳುತ್ತಿದ್ದನೋ ನಾದಿನಿಯ ಹೂಂ ಕೇಳುತ್ತಿದ್ದನೋ ದೇವರೇ ಬಲ್ಲ. ಸೇನಾಪತಿ ಸತ್ತಾಗಲೂ ಮುಗುಳ್ನಗುತ್ತಿದ್ದ. ನಾದಿನಿಯ ಹೂಂಗಳಲ್ಲೂ ಹೊಸದೊಂದು ಬಗೆ ಶುರುವಾಗಿತ್ತು. ಅದನ್ನು ನಾನು ಹೆಂಗಸಾಗಿ ಒಂದೇ ಸಲಕ್ಕೆ ಗುರುತು ಹಿಡಿದೆ.

ಕೇಳಿದರೆ, ಕೊಳಾಯಿಯ ಹತ್ತಿರ ಬಿಂದಿಗೆ ತೊಳೆಯುತ್ತ, ‘ಅತ್ತಿಗೆ, ನಂಗ್ ಅವ್ರೇ ಬೇಕು’ ಎಂದಳು. ಅಷ್ಟೇ. ಇಂಥ ಮಾತು ನನಗೂ ಅರ್ಥವಾಗುತ್ತದೆ. ನಾನೇ ಅತ್ತೆಯವರಿಗೆ ಹೇಳಿದೆ. ಹಿರಿಯರು ಓಡಾಡಿದರು. ಯುವಕನಿಗೆ ತಂದೆಯಿರಲಿಲ್ಲ, ಅವನ ತಾತನೇ ಆ ಮನೆಯ ಯಜಮಾನ. ಜಾತಕ, ಗೋತ್ರ ಎಲ್ಲ ಕೂಡಿ ಬಂದು ವೀಳ್ಯದ ಶಾಸ್ತ್ರಕ್ಕೆ ದಿನವೂ ಗೊತ್ತಾಯಿತು.

ಅದಕ್ಕೆ ಸರಿಯಾಗಿ ಎಂಟು ದಿನ ಮೊದಲು ನಮ್ಮ ಯಜಮಾನರು ಕ್ಯಾಸಂಬಳ್ಳಿಯನ್ನು ಮುಳುಗಿಸಿದರು.

ಆ ಭಾನುವಾರ ಯುವಕ ಬಂದಿರಲಿಲ್ಲ, ಹೊಲದಲ್ಲಿ ಕೆಲಸವಂತೆ. ಕಥೆಯಲ್ಲಿ ಘೋರ ಯುದ್ಧ. ವೈರಿಯ ಗುಂಡು ಬಡಿದದ್ದೇ ತಡ, ಕ್ಯಾಸಂಬಳ್ಳಿಯ ಹೊಟ್ಟೆಯಲ್ಲಿ ಬಂಡೆ ಸಿಡಿಯಿತು. ಆಕಾಶದ ಹಡಗಿನ ಹೊಟ್ಟೆಗೆ ಬಂಡೆ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರಿನಲ್ಲಿ ಯಾವುದರ ಹೊಟ್ಟೆಯಲ್ಲಾದರೂ ಇರುವುದು ಬಂಡೆಯೇ. ಕೇಜಿನ ಹಗ್ಗ ಹರಿಯಿತು, ಲೆವೆಲ್ಲುಗಳು ಕುಸಿದವು, ತಳದಲ್ಲಿದ್ದವರೆಲ್ಲ ಒಳಗೇ ಉಳಿದರು. ‘ಕ್ಯಾಸಂಬಳ್ಳಿ ಮುಳುಗಿತು!’ ಎಂದು ಯಜಮಾನರು ಚಿಟಿಕೆ ಝಾಡಿಸಿದರು. ನಾದಿನಿ ಹೂಂ ಅನ್ನಲಿಲ್ಲ. ಬಾಯಿ ತೆರೆದು ಅಣ್ಣನನ್ನೇ ನೋಡುತ್ತಿದ್ದಳು. ತಮ್ಮ ಕಥೆಗೆ ಎಲ್ಲರೂ ಮೂಕರಾಗಿದ್ದಾರೆಂದು ಅವರು ಹಿಗ್ಗಿ ಅಲ್ಲಿಗೇ ಮಂಗಳ ಹಾಡಿದರು.

ಒಳಗೆ ಬಂದವರನ್ನು ನಾನು ಹಿಡಿದುಕೊಂಡೆ. ‘ಆಕಾಶದಾಗೆ ಮುಳುಗೋದಂದ್ರೆ ಎಲ್ಲಿಗ್ರೀ ಮುಳುಗ್ತದೆ?’

‘ಕೆಳಕ್ಕೆ.’

‘ಕೆಳಕ್ಕೆ ಅಂದ್ರೆ ಯಾವ್ ಕಡೆ?’

ಅವರು ಸೂರು ನೋಡಿದರು, ನೆಲ ನೋಡಿದರು. ‘ಎಲ್ಲಾ ಕಡೇಗೂ’ ಎಂದರು.

‘ಇರೋ ಅಡಗೆಲ್ಲ ಬಿಟ್ಟು ಬೀಗರಾಗೋರ ಅಡಗೇ ಬೇಕಿತ್ತಾ ನಿಮ್ಗೆ?’

‘ಅದ್ಕೇ ಕಣೇ ಅದ್ನ ಮುಳುಗ್ಸಿದ್ದು. ಕೆಟ್ಟ ಅಡಗು ಮುಳುಗಿದ್ರೆ ಯಾರ್ ಅಳ್ತಾರೆ? ಒಳ್ಳೇದು ಓದ್ರೇ ಕಣ್ಣಾಗ್ ನೀರು. ಬೀಗರಿಗೆ ಮರ್ಯಾದೆ ಮಾಡಿದೀನಿ ನಾನು.’

ಬೀಗರಿಗೆ ಈ ಮರ್ಯಾದೆಯ ಸುದ್ದಿ ಬೆಳಗಿನ ಮೊದಲ ಬಸ್ಸಿಗಿಂತ ಮೊದಲೇ ತಲುಪಿತ್ತು. ಆ ದಿನ ಕ್ಯಾಸಂಬಳ್ಳಿಯ ಹಾಲಿನವಳು ತಂದ ಹಾಲು ನೋಡಿದರೆ ಪಾತ್ರೆಯ ತಳ ಕಾಣುತ್ತಿತ್ತು. ಇದೇನಮ್ಮ ಇಷ್ಟು ನೀರು ಎಂದರೆ, ‘ಏನ್ ಮಾಡಾದಮ್ಮಯ್ಯ, ಊರೇ ಮುಳುಗೋಗೈತಲ್ಲ, ಆಲ್ಗೂ ನೀರ್ ಸೇರ್ಕಂಡೈತೆ’ ಎಂದು ಮುಖ ತಿರುವಿಕೊಂಡು ಹೋದಳು. ಮಾತಿಗೆ ಮಾತು ಕೊಡುವುದರಲ್ಲಿ ನಾನೇ ಗಟ್ಟಿಗಿತ್ತಿ ಎಂದುಕೊಂಡಿದ್ದೆ. ಅವತ್ತು ಹಾಲು ಹಿಡಿದು ಸುಮ್ಮನೆ ಒಳಗೆ ಬಂದೆ.

ಹಾಲು ಕೆಟ್ಟರೆ ಒಂದು ದಿನದ ಕಾಫಿ ಕೆಟ್ಟೀತು. ಮಧ್ಯಾಹ್ನ ಯುವಕನೇ ಸೈಕಲ್ಲು ತುಳಿದುಕೊಂಡು ಬಂದು, ತಾತ ಹೇಳಿ ಕಳಿಸಿದ ಮಾತನ್ನು ತಲೆ ತಗ್ಗಿಸಿ ಒಪ್ಪಿಸಿದ. ಹೆಣ್ಣು ತರಬೇಕಾದ ಮನೆಯಿಂದಲೇ ನಮ್ಮೂರು ಜನರ ಸಮೇತ ಮುಳುಗಿತು ಎಂಬ ಮಾತು ಬಂದಿದೆ. ಶುಭಕಾರ್ಯದ ಹೊಸಿಲಲ್ಲಿ ಇಂಥ ಅಪಶಕುನದ ಮೇಲೆ ವೀಳ್ಯ ಇಡುವುದು ಹೇಗೆ? ಮೊದಲು ಹಡಗನ್ನೂ ಅದರೊಳಗಿನವರನ್ನೂ ಮೇಲೆತ್ತಲಿ, ಆಮೇಲೆ ಹೆಣ್ಣಿನ ಮಾತು. ಬರುವ ಭಾನುವಾರ ತಾನೇ ಬಂದು ಕೂತು ಕೇಳುತ್ತೇನೆ. ಎತ್ತದಿದ್ದರೆ ಬೂದಿಕೋಟೆಯಲ್ಲಿ ಇನ್ನೊಂದು ಹೆಣ್ಣು ನೋಡಿದ್ದೇನೆ, ಅಲ್ಲಿಗೆ ಹೋಗುತ್ತೇನೆ.

ನಾದಿನಿ ಬಾಗಿಲ ಹಿಂದಿನಿಂದಲೇ, ‘ನಾನ್ ಊಂ ಅಂದೇ ಇಲ್ಲ! ಅಡಗು ಮುಳುಗೇ ಇಲ್ಲ ಅಂತ ಏಳಿ ತಾತಂಗೆ!’ ಎಂದು ಕೂಗಿದಳು. ಯುವಕನ ಮುಖ ಅರಳಿತು. ಹಾರಿ ಸೈಕಲ್ಲು ಹತ್ತಿದ. ಮರುದಿನ ಅದಕ್ಕೂ ಉತ್ತರ ಬಂತು. ‘ಮುಳುಗೂ ಇಲ್ಲ, ತೇಲೂ ಇಲ್ಲ ಅಂದ್ರೆ ನಮ್ಮೂರು ಈಗ ಎಲ್ಲೈತೆ?’ ಎಂದು ಕೇಳಿದ್ದನಂತೆ ತಾತ. ನ್ಯಾಯವಾದ ಪ್ರಶ್ನೆಯೇ.

ನೀವೆಂದುಕೊಳ್ಳಬಹುದು, ಇದೆಂಥ ದೊಡ್ಡ ವಿಷಯ, ಎತ್ತಿಬಿಟ್ಟರಾಯಿತು, ತಗಡಿನ ಹಡಗು ತಾನೇ ಎಂದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಯಜಮಾನರು ಸುತರಾಂ ಒಪ್ಪಲಿಲ್ಲ. ‘ಸತ್ತೋರ್ನ ಎಬ್ಸಿದ್ರೆ ಕತೆ ಸುಳ್ಳಾಯ್ತದೆ’ ಎಂದು ಹಟ ಹಿಡಿದರು.

‘ಅಯ್ಯೋ ನಿಮ್ಮ! ನಕ್ಷತ್ರದ ಮಧ್ಯ ಹುರುಳಿಕಾಯಿ ಬೆಳೆದಿದ್ದು ನಿಜಾನಾ?’ ಎಂದೆ.

ಅವರು ನಗಲಿಲ್ಲ. ಹೊರಗಿನ ಚಪ್ಪಡಿಯ ಮೇಲೆ ಹೋಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಆಗ ಹೇಳಿದರು. ಅವರಪ್ಪ, ಎಂದರೆ ನಮ್ಮ ಮಾವನವರು, ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡದ್ದು ನನಗೆ ಗೊತ್ತಿತ್ತು. ದೇಹ ಸಿಕ್ಕಿರಲಿಲ್ಲ ಎಂಬುದು ಗೊತ್ತಿರಲಿಲ್ಲ. ತೆಗೆಯಲು ಹೋದವರು ಹಗಲಿರುಳು ತೆಗೆದರಂತೆ, ತೆಗೆದಷ್ಟೂ ಕಲ್ಲೇ ಬಂತಂತೆ. ಅತ್ತೆ ಶಾಫ್ಟಿನ ಬಾಯಲ್ಲಿ ನಿಂತು, ಬಂದ ಬಂದ ಕೇಜನ್ನೆಲ್ಲ ನೋಡಿದರಂತೆ, ಕೊನೆಗೆ ಯಾರೋ ಕೈಹಿಡಿದು ಮನೆಗೆ ಕರೆತಂದರಂತೆ. ಮಾವನವರ ಸ್ನಾನಕ್ಕೆಂದು ಅತ್ತೆ ಕಾಯಿಸಿಟ್ಟಿದ್ದ ನೀರು ಹಂಡೆಯಲ್ಲೇ ಆರಿತ್ತಂತೆ. ಮಗ ಯಾವತ್ತೂ ಕೇಜು ಹತ್ತಕೂಡದೆಂದು ಅವರು ಆಣೆ ಹಾಕಿಸಿಕೊಂಡದ್ದು ಆಮೇಲೆ. ‘ನಮ್ಮಪ್ಪನ್ನೇ ಎತ್ತಾಕ್ ಆಗ್ಲಿಲ್ಲ. ಈಗ ಮದ್ವೆ ಆಗ್ಬೇಕೂಂತ ಇವ್ರ್ನೆಲ್ಲ ಪುಸಕ್ಕಂತ ಎತ್ತಿಬಿಟ್ರೆ, ಒಳಗ್ ಕೂತು ಕೇಳೋ ನಮ್ಮಮ್ಮಂಗೆ ಎಂಗಿರ್ತದೆ ಏಳು?’

ನನಗೆ ಅವರ ಮೇಲೆ ಮೊದಲ ಸಲ ಮರುಕ ಬಂತು. ಸಿಟ್ಟೂ ಹೋಗಲಿಲ್ಲ. ಸತ್ತವರ ಮರ್ಯಾದೆ ಕಾಯಲು ಹೋಗಿ ಬದುಕಿರುವ ತಂಗಿಯ ಬಾಳು ಕೆಡಿಸುವುದೇ? ‘ನಿಮ್ಮ್ ತಂಗಿಗೆ ಎಂಗಿರ್ತದೆ ಅದ್ನೂ ನೋಡಿ’ ಎಂದು ಎದ್ದು ಬಂದೆ. ನಾದಿನಿ ಆ ವಾರವೆಲ್ಲ ಅಣ್ಣನ ಯಾವ ಮಾತಿಗೂ ಹೂಂ ಅನ್ನಲಿಲ್ಲ. ಊಟಕ್ಕೆ ಬಡಿಸಲಾ ಎಂದು ಅವರೇ ಕೇಳಿದರೂ ಹೂಂ ಇಲ್ಲ. ಪಾಪ, ಆ ಹಟಕ್ಕೆ ಎರಡು ಹೊತ್ತು ಉಪವಾಸವೂ ಬಿದ್ದಳು.

ಭಾನುವಾರ ಹೊತ್ತು ಇಳಿಯುವ ಮೊದಲೇ ತಾತ ಮೊಮ್ಮಗನ ಜೊತೆ ಬಸ್ಸಿಳಿದು ಬಂದ. ಬಿಳಿ ರುಮಾಲು, ಕೈಯಲ್ಲಿ ಬಿದಿರಿನ ಕೋಲು. ನಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಹೊರಗೆ ಹಾಕಿ ಕೂರಿಸಿದೆವು. ಕಾಫಿ ತಂದರೆ ಕೈ ಅಡ್ಡ ಹಿಡಿದ. ‘ಮೊದ್ಲು ಅಡಗಿನ್ ಇಚಾರ ಮುಗೀಲಿ.’ ಅವತ್ತಿನಷ್ಟು ಜನ ನಮ್ಮ ಮನೆ ಮುಂದೆ ಯಾವತ್ತೂ ಸೇರಿರಲಿಲ್ಲ. ಕ್ಯಾಸಂಬಳ್ಳಿಯ ಹಾಲಿನವಳೂ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಯಜಮಾನರು ಗೋವಿಂದನ ಸ್ಮರಣೆ ಮಾಡಿ, ಚಿಟಿಕೆ ತಟ್ಟಿ, ಹಿಂದಿನ ವಾರ ನಿಂತಲ್ಲಿಂದಲೇ ಎತ್ತಿಕೊಂಡರು. ‘ವೈರಿಯ ಗುಂಡು ಬಡಿಯಿತು. ಒಡಲಲ್ಲಿ ಬಂಡೆ ಸಿಡಿಯಿತು. ಕ್ಯಾಸಂಬಳ್ಳಿ ಮುಳುಗಿತು.’

ನಾದಿನಿ ತುಟಿ ಬಿಗಿದು ಆಕಾಶ ನೋಡಿದಳು.

‘ಕ್ಯಾಸಂಬಳ್ಳಿ ಮುಳುಗಿತು’ ಎಂದರು ಮತ್ತೆ. ಹೂಂ ಇಲ್ಲ. ತಡೆಯಲಾರದೆ ತಮಿಳಮ್ಮ ‘ಅಪ್ಪುರಂ?’ ಎಂದಳು. ನಾದಿನಿ ತಿರುಗಿ ನೋಡಿದ ನೋಟಕ್ಕೆ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನಿಂದ ಯಾರೋ ತೆಲುಗಿನವರು ‘ಊ’ ಎಂದರು. ಅದು ಲೆಕ್ಕಕ್ಕಿಲ್ಲವೆಂದು ನಾಲ್ಕು ಜನ ಗದರಿದರು. ತಾತ ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದ. ಮೊಮ್ಮಗ ಒಂದು ಸಲ ನಾದಿನಿಯನ್ನೂ ಒಂದು ಸಲ ತಾತನನ್ನೂ ನೋಡುತ್ತಿದ್ದ. ಮುಖದಲ್ಲಿ ಈಗ ಮುಗುಳ್ನಗೆ ಇರಲಿಲ್ಲ. ಯಜಮಾನರು ಮೂರನೆಯ ಸಲ ಬಾಯಿ ತೆರೆದರು, ‘ಕ್ಯಾಸಂಬಳ್ಳಿ’ ಎಂದವರಿಗೆ ಮುಂದಿನ ಮಾತು ಹೊರಡಲಿಲ್ಲ.

ಒಳಗೆ ಜರಡಿಯ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ‘ಏನ್ಲಾ, ಅಡಗು ಮುಳುಗ್ತು, ಜನ ಒಳಗವ್ರೆ. ಅವ್ರ್ನ ತೆಗಿಯಾಕೆ ಯಾರೂ ಓಗ್ಲಿಲ್ವಾ?’ ಎಂದು ಕೇಳಿದರು.

ಯಜಮಾನರು ಚಿಟಿಕೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಮುಳುಗಿಸುವ ಉಮೇದಿನಲ್ಲಿ ಅದನ್ನು ಅವರು ಯೋಚಿಸಿಯೇ ಇರಲಿಲ್ಲ.

‘ಓಗ್ದೇ ಇರ್ತಾರೇನ್ಲಾ?’

‘ಓದ್ರು ಕಣಮ್ಮ’ ಎಂದರು. ದಾಸರ ಧಾಟಿ ಎಲ್ಲೋ ಬಿದ್ದುಹೋಗಿತ್ತು. ಚಿಟಿಕೆಯನ್ನು ಕೆಳಗಿಟ್ಟು, ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತರು. ‘ಬೇತಮಂಗಲದೋರು ಓದ್ರು, ಬೂದಿಕೋಟೆಯೋರು ಓದ್ರು.’

‘ಬಂಗಾರಪೇಟೆಯೋರು?’ ಎಂದುಬಿಟ್ಟೆ ನಾನು. ಬಾಯಿ ತಡೆಯಲಿಲ್ಲ.

‘ಅವ್ರೇ ಎಲ್ಲಾರ್ಗಿಂತ ಮೊದ್ಲು ಓದ್ರು.’

‘ಊಂ’ ಎಂದರು ಅತ್ತೆ.

ಅದು ಬಿದ್ದದ್ದು ಎಲ್ಲರಿಗೂ ಕೇಳಿಸಿತು. ನಾದಿನಿ ಅಮ್ಮನ ಕಡೆ ತಿರುಗಿದಳು.

‘ತೆಗೆದ್ರು. ಕಲ್ಲು ಬಂತು.’

‘ಊಂ.’

‘ಮತ್ತೂ ತೆಗೆದ್ರು. ಮತ್ತೂ ಕಲ್ಲೇ ಬಂತು.’

‘ಊಂ.’ ಕಥೆಯ ಈ ಭಾಗ ನಮಗೆಲ್ಲರಿಗಿಂತ ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

‘ಆಮೇಲೆ’ ಎಂದು ಯಜಮಾನರು ಅಮ್ಮನ ಕಡೆ ನೋಡಿದರು. ‘ಆಮೇಲೆ ಕಲ್ಲಿನ್ ಸಂದಿನಾಗೆ ಒಂದು ಕೈ ಸಿಕ್ತು.’

ಅತ್ತೆ ಹೂಂ ಅನ್ನಲಿಲ್ಲ. ತಮಿಳಮ್ಮ ಕೂಡ ಅಪ್ಪುರಂ ಅನ್ನಲಿಲ್ಲ. ಸುಳ್ಳು ಹಡಗು, ಸುಳ್ಳು ಆಕಾಶ, ಸುಳ್ಳು ಕೈ ಎಂದು ಗೊತ್ತಿದ್ದೂ ನಾನು ಮುಂದಕ್ಕೆ ಬಗ್ಗಿದೆ.

‘ಬೆಚ್ಗಿತ್ತಾ?’ ಎಂದರು ಅತ್ತೆ.

‘ಬೆಚ್ಗಿತ್ತಮ್ಮ.’

‘ಊಂ.’

ಅಲ್ಲಿಂದ ಮುಂದೆ ಕೇಜು ಇಳಿಯಿತು, ಏರಿತು, ಮತ್ತೆ ಇಳಿಯಿತು. ಒಬ್ಬೊಬ್ಬರಾಗಿ ಮೇಲೆ ಬಂದರು. ಒಬ್ಬನ ಕಾಲು ಮುರಿದಿತ್ತು. ಇನ್ನೊಬ್ಬ ಬಂದವನೇ ಬೀಡಿ ಕೇಳಿದ. ಹಸುಗಳೂ ಬಂದವು. ಅತ್ತೆ ಒಬ್ಬೊಬ್ಬನಿಗೂ ಹೂಂ ಅಂದರು, ಹಸುಗಳಿಗೂ ಅಂದರು. ಚಪ್ಪಲಿ ಅಟ್ಟೆಯ ಮುದುಕ ಎದ್ದು ನಿಂತು, ‘ಬಾಗ್ಲಾಗೆ ತಡಕುದ್ರಾ ಅವ್ರ್ನ?’ ಎಂದು ಕೇಳಿದ. ‘ಇಲ್ಲ ಸ್ವಾಮಿ. ಅವತ್ತು ಯಾರ್ನೂ ತಡಕ್ಲಿಲ್ಲ, ಅಂಗೇ ಬಿಟ್ರು’ ಎಂದರು ಯಜಮಾನರು. ಮುದುಕ ತಲೆಯಾಡಿಸಿ ಕೂತ.

‘ಎಲ್ಲಾರೂ ಬಂದ್ರಾ?’ ಎಂದರು ಅತ್ತೆ.

‘ಎಲ್ಲಾರೂ ಬಂದ್ರು.’

‘ಒಳಗೆ ಯಾರೂ ಉಳೀಲಿಲ್ಲ?’

‘ಯಾರೂ ಉಳೀಲಿಲ್ಲಮ್ಮ.’

‘ಊಂ’ ಎಂದು ಅತ್ತೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡರು. ನಾದಿನಿ ಅಮ್ಮನ ತೋಳಿಗೆ ಮುಖವಿಟ್ಟು ಬಿಕ್ಕುತ್ತಿದ್ದಳು.

ತಾತ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. ಆದರೂ ರೈತ, ಹಾಗೆಲ್ಲ ಬಿಟ್ಟುಕೊಡುವ ಪೈಕಿಯಲ್ಲ. ‘ಜನ ಬಂದ್ರು ಸರಿ. ಅಡಗು?’ ಎಂದ.

‘ಎತ್ತಿದ್ರು ತಾತ. ಒಸ ತಗಡು ಆಕ್ಸಿದ್ರು.’

‘ಕಲ್ಲು?’

‘ನಾಲ್ಕ್ರ ಜಾಗದಾಗೆ ಎಂಟು ಏರಿದ್ರು.’

‘ಅಂಗಾದ್ರೆ ಬೆಳಿಗ್ಗೆ ಈಳ್ಯ ಇಡಾಣ. ಕಾಪಿ ತಗಂಬಾರಮ್ಮ’ ಎಂದು ತಾತ ಕಾಲು ಚಾಚಿದ. ಜನ ಗೋವಿಂದಾ ಎಂದು ಕೂಗಿದ್ದು ಟೀ ಅಂಗಡಿಯವರೆಗೂ ಕೇಳಿಸಿತಂತೆ. ಹಾಲಿನವಳು, ‘ನಾಳೆಯಿಂದ ಗಟ್ಟಿ ಆಲು’ ಎಂದು ನನ್ನ ಕಿವಿಯಲ್ಲಿ ಹೇಳಿಯೇ ಹೋದಳು.

ನಾನು ಕಾಫಿಗೆ ಒಳಗೆ ಓಡುತ್ತಿದ್ದರೆ ಅತ್ತೆ ತಡೆದರು. ‘ಅಂಗೇ ಅಂಡೆಗೆ ನೀರ್ ಉಯ್ದು ಒಲೆ ಅಚ್ಚು.’

‘ಈಗ ಯಾರಿಗತ್ತೆ ನೀರು?’

‘ಒಳಗಿಂದ ಮ್ಯಾಲ್ ಬಂದೋರು ಮೈ ತೊಳ್ಕಬ್ಯಾಡ್ವಾ?’

ಆ ವಾರ ಕೊಳಾಯಿಯಲ್ಲಿ ನೀರು ಸರಿಯಾಗಿ ಬಂದಿರಲಿಲ್ಲ. ಮನೆಯಲ್ಲಿದ್ದ ಬಿಂದಿಗೆಗಳನ್ನೆಲ್ಲ ಹಂಡೆಗೆ ಬಗ್ಗಿಸಿ ಒಲೆ ಹೊತ್ತಿಸಿದೆ. ನೀರು ಮರಳುವಷ್ಟರಲ್ಲಿ ಜನ ಚೆದುರಿದ್ದರು, ಕ್ಯಾಸಂಬಳ್ಳಿಯ ಕೊನೆಯ ಬಸ್ಸೂ ಹೋಗಿತ್ತು. ಅತ್ತೆ ಒಂದು ಕೈಯಲ್ಲಿ ಸೀಗೆಪುಡಿಯ ಬಟ್ಟಲು, ಇನ್ನೊಂದರಲ್ಲಿ ಒಗೆದ ಪಂಚೆ ಹಿಡಿದು ತಾತನ ಎದುರು ಬಂದು ನಿಂತರು.

‘ಬೆಳಿಗ್ಗೆನೇ ಮಿಂದಿದ್ನಲ್ಲಮ್ಮಾ’ ಎಂದ ತಾತ.

‘ನೀವು ಕ್ಯಾಸಂಬಳ್ಳಿಯೋರಲ್ವಾ? ಏಳಿ, ಬಿಸಿ ಆರೋಯ್ತದೆ.’

ತಾತ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದ. ಕೋಲನ್ನು ಗೋಡೆಗೆ ಒರಗಿಸಿ, ರುಮಾಲು ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟು, ಬಚ್ಚಲಿಗೆ ನಡೆದ. ಒಳಗೆ ನೀರು ಸುರಿದುಕೊಳ್ಳುವ ಸದ್ದು ನಿಲ್ಲುವವರೆಗೂ ಅತ್ತೆ ಪಂಚೆ ಹಿಡಿದು ಬಚ್ಚಲ ತಟ್ಟಿಯ ಹೊರಗೆ ನಿಂತಿದ್ದರು.